ಒಂದೇ ಮನೆ, ಒಂದೇ ಶ್ರುತಿ



ಚಲನಚಿತ್ರ ನೋಡಿ ಹಗುರವಾದ ಮನಸ್ಸಿನಿಂದ ಮನೆಗೆ ಮರಳಿದ ಸಂಜೆಗಳು ನಿಮಗೂ ನೆನಪಿರಬಹುದು. ಕಥೆಯಲ್ಲಿ ಅಂಥ ಅದ್ಭುತವೇನೂ ನಡೆದಿರುವುದಿಲ್ಲ. ಒಂದು ಮನೆ, ಅದರಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರು, ಇಲ್ಲವೆ ಮಗನ ಮೇಲೆ ಮುನಿದ ತಂದೆ. ಮೂಲೆಯಲ್ಲಿ ಗವಸು ಹಾಕಿ ನಿಲ್ಲಿಸಿದ ತಂಬೂರಿ, ಅಥವಾ ವರ್ಷಗಳಿಂದ ಯಾರೂ ಮುಟ್ಟದ ಹಾರ್ಮೋನಿಯಂ. ಎರಡೂವರೆ ಗಂಟೆ ಕಳೆಯುವುದರೊಳಗೆ ಯಾರೋ ಒಬ್ಬರು ಅದರ ಧೂಳು ಒರಸುತ್ತಾರೆ, ಇನ್ನೊಬ್ಬರು ಬಂದು ದನಿಗೂಡಿಸುತ್ತಾರೆ, ಮನೆ ಒಂದಾಗುತ್ತದೆ. ಹೀಗೇ ಆಗುವುದೆಂದು ಮೊದಲ ಅರ್ಧ ಗಂಟೆಯಲ್ಲೇ ನಮಗೆ ಗೊತ್ತಾಗಿರುತ್ತದೆ. ಆದರೂ ಆ ಘಳಿಗೆ ಬಂದಾಗ ಕಣ್ಣು ಒದ್ದೆಯಾಗುವುದು ತಪ್ಪುವುದಿಲ್ಲ. ಪಕ್ಕದವರು ನೋಡಿದರೋ ಏನೋ ಎಂಬ ಸಂಕೋಚದಿಂದ ಕಣ್ಣೊರಸಿಕೊಂಡು ಎದ್ದು ಬರುತ್ತೇವೆ. ಗೊತ್ತಿದ್ದ ಸಂಗತಿಯೇ ಹೀಗೆ ಮನಸ್ಸನ್ನು ಕರಗಿಸುವುದೇಕೆ?

ಕಾರಣವನ್ನು ಹುಡುಕಿಕೊಂಡು ಬಹು ದೂರ ಹೋಗಬೇಕಾಗಿಲ್ಲ. ನಮ್ಮ ಮನೆಗಳಲ್ಲಿ ಜಗಳ ಹುಟ್ಟುವುದು ಸುಲಭ, ಮುಗಿಯುವುದು ಕಷ್ಟ. ಮುಗಿಯಬೇಕಾದರೆ ಯಾರಾದರೊಬ್ಬರು ಮೊದಲು ಮಾತನಾಡಬೇಕು. ಮೊದಲು ಮಾತನಾಡಿದವರು ಸೋತಂತೆ ಎಂಬ ಭಾವನೆ ನಮ್ಮಲ್ಲಿ ಬೇರೂರಿಬಿಟ್ಟಿದೆ. ಹಾಡಿಗೆ ಈ ತೊಡಕಿಲ್ಲ. ಅಣ್ಣ ಹಾಡುತ್ತಿರುವಾಗ ತಮ್ಮ ಬಂದು ಪಕ್ಕದಲ್ಲಿ ಕುಳಿತು ಮುಂದಿನ ಸಾಲನ್ನು ಎತ್ತಿಕೊಂಡರೆ ಯಾರೂ ಸೋತಂತಾಗುವುದಿಲ್ಲ. ತಪ್ಪು ಯಾರದೆಂದು ತೀರ್ಮಾನಿಸುವ ಪ್ರಮೇಯವೂ ಬರುವುದಿಲ್ಲ. ಮಾತಿನಿಂದ ಆಗದ ರಾಜಿ ಸ್ವರದಿಂದ ಆಗುವುದನ್ನು ತೆರೆಯ ಮೇಲೆ ಕಂಡಾಗ, ನಮ್ಮ ಮನೆಯಲ್ಲಿಯೂ ಹೀಗಾಗಬಾರದೆ ಎಂಬ ಆಸೆ ಒಳಗಿಂದ ಏಳುತ್ತದೆ. ಕಣ್ಣೀರು ಆ ಆಸೆಯದು.

ಇಂಥ ಚಿತ್ರಗಳಲ್ಲಿ ಲೋಕದಲ್ಲೆಲ್ಲ ಹೆಸರಾದುದು ೧೯೬೫ರಲ್ಲಿ ತೆರೆಗೆ ಬಂದ ‘ದಿ ಸೌಂಡ್ ಆಫ್ ಮ್ಯೂಸಿಕ್’. ಆಸ್ಟ್ರಿಯ ದೇಶದ ಸಾಲ್ಸ್‌ಬರ್ಗ್ ಪಟ್ಟಣ. ಹೆಂಡತಿಯನ್ನು ಕಳೆದುಕೊಂಡು, ಏಳು ಮಕ್ಕಳನ್ನು ಸೀಟಿ ಊದಿ ನಡೆಸುವ ನೌಕಾಪಡೆಯ ಕ್ಯಾಪ್ಟನ್ನನ ಮನೆ. ಮಕ್ಕಳನ್ನು ನೋಡಿಕೊಳ್ಳಲು ಬಂದ ಮರಿಯಾ ಎಂಬಾಕೆ ಅವರಿಗೆ ಹಾಡು ಕಲಿಸಿ ಆ ಮನೆಯ ಬಿಗುವನ್ನು ಸಡಿಲಿಸುತ್ತಾಳೆ. ಇದು ಫಾನ್ ಟ್ರಾಪ್ ಎಂಬ ನಿಜವಾದ ಕುಟುಂಬವನ್ನು ಆಧರಿಸಿದ ಕಥೆ. ಆದರೆ ನಡೆದ ಸಂಗತಿ ಸ್ವಲ್ಪ ಬೇರೆ. ೧೯೨೬ರಲ್ಲಿ ಮರಿಯಾ ಆ ಮನೆಗೆ ಕಾಲಿಡುವ ಮುಂಚೆಯೇ ಅಲ್ಲಿ ಸಂಗೀತವಿತ್ತು. ತಂದೆ ಸಂಗೀತದ ವೈರಿಯಾಗಿರಲಿಲ್ಲ. ಅವರನ್ನು ಹಾಗೆ ತೋರಿಸಿದ್ದು ಮಕ್ಕಳಿಗೆ ನೋವನ್ನೇ ಉಂಟುಮಾಡಿತು. ಮುಂದೆ ಬ್ಯಾಂಕು ಮುಳುಗಿ ಐಶ್ವರ್ಯ ಕರಗಿದಾಗ, ಸಂತೋಷಕ್ಕಾಗಿ ಹಾಡಿದ್ದು ಹೊಟ್ಟೆಪಾಡಿಗೂ ಒದಗಿತು. ೧೯೩೮ರಲ್ಲಿ ನಾಜಿಗಳು ಆಸ್ಟ್ರಿಯವನ್ನು ನುಂಗಿದ ಮೇಲೆ ಅವರು ದೇಶ ಬಿಟ್ಟರು. ಚಿತ್ರದಲ್ಲಿರುವಂತೆ ಬೆಟ್ಟ ಹತ್ತಿ ಅಲ್ಲ, ರೈಲು ಹತ್ತಿ. ಚಿತ್ರಕ್ಕೆ ಮೊದಲು ಒಂದು ಬಾಗಿಲು ಮುಚ್ಚಿರಬೇಕು, ಆಮೇಲೆ ಅದು ಒಮ್ಮೆಗೇ ತೆರೆಯಬೇಕು. ನಿಜವಾದ ಮನೆಗಳಲ್ಲಿ ಹಾಡು ಬರುವುದು ಜಗಳ ಮುಗಿದ ಮೇಲಲ್ಲ. ಜಗಳಗಳ ನಡುವೆಯೇ, ದಿನದಿನವೂ, ಸ್ವಲ್ಪ ಸ್ವಲ್ಪವಾಗಿ. ಈ ಲೇಖನದಲ್ಲಿ ನಿಮ್ಮ ಮುಂದಿಡಬೇಕೆಂದಿರುವ ಮಾತು ಇದೇ.

ಸಾಲ್ಸ್‌ಬರ್ಗಿನಿಂದ ನಮ್ಮ ಜಿಲ್ಲೆಗೆ ಬರೋಣ. ‘ದಿ ಸೌಂಡ್ ಆಫ್ ಮ್ಯೂಸಿಕ್’ ಬಂದ ಮರುವರ್ಷ, ೧೯೬೬ರಲ್ಲಿ, ಕನ್ನಡದಲ್ಲಿ ‘ಸಂಧ್ಯಾರಾಗ’ ಬಂದಿತು. ಎ. ಸಿ. ನರಸಿಂಹಮೂರ್ತಿ ಮತ್ತು ಎಸ್. ಕೆ. ಭಗವಾನ್ ಅವರ ನಿರ್ದೇಶನ. ರಾಜಕುಮಾರ್, ಭಾರತಿ, ಉದಯಕುಮಾರ್ ಅವರ ಅಭಿನಯ. ಕೂಡುಕುಟುಂಬ, ಅದರಲ್ಲಿ ಸಂಗೀತವೇ ಉಸಿರೆಂದು ತಿಳಿದ ಒಬ್ಬ ಮಗ, ಇವರ ನಡುವಿನ ಪ್ರೀತಿ ಮತ್ತು ಎಳೆದಾಟ ಅದರ ವಸ್ತು. ಮೂಲ ಕಾದಂಬರಿ ಅ. ನ. ಕೃಷ್ಣರಾಯರದು. ಅವರು ಹುಟ್ಟಿದ್ದು ೧೯೦೮ರಲ್ಲಿ, ಕೋಲಾರದಲ್ಲಿ. ಆದರೆ ಹೆಸರಿನ ಮೊದಲ ಅಕ್ಷರವಾದ ‘ಅ’ ಯಾವುದು ಬಲ್ಲಿರಾ? ಅರಕಲಗೂಡು. ಅರಕಲಗೂಡು ನರಸಿಂಗರಾವ್ ಕೃಷ್ಣರಾವ್ ಎಂಬುದೇ ಕನ್ನಡಿಗರ ಬಾಯಲ್ಲಿ ಅನಕೃ ಆಯಿತು. ಸಂಗೀತ ಮತ್ತು ಸಂಸಾರವನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗಿದ ಕಥೆಗಾರನ ಹೆಸರಿನ ಮುಂದೆ ನಮ್ಮ ಅರಕಲಗೂಡು ನಿಂತಿದೆಯೆಂಬುದು ನಾವು ಹೆಮ್ಮೆಪಡಬಹುದಾದ ವಿಷಯ.

ಆ ಚಿತ್ರಕ್ಕೆ ಹಿಂದೂಸ್ಥಾನಿ ಪದ್ಧತಿಯ ಭೀಮಸೇನ ಜೋಶಿಯವರೂ ಕರ್ನಾಟಕ ಪದ್ಧತಿಯ ಬಾಲಮುರಳೀಕೃಷ್ಣರೂ ಹಾಡಿದರು. ಜೋಶಿಯವರ ಬಾಳೇ ಅಂಥದೊಂದು ಕಥೆ. ಹನ್ನೊಂದು ವರ್ಷದ ಹುಡುಗ ಗುರುವನ್ನು ಅರಸುತ್ತ ಗದುಗಿನ ಮನೆಯಿಂದ ಹೊರಟುಹೋದ, ಊರೂರು ಅಲೆದ, ಕೊನೆಗೆ ತಂದೆ ಮನೆಗೆ ಕರೆತಂದರು. ಬಳಿಕ ಅವನು ಕಲಿತದ್ದು ಮನೆಗೆ ಹತ್ತಿರದಲ್ಲೇ ಇದ್ದ ಕುಂದಗೋಳದ ಸವಾಯಿ ಗಂಧರ್ವರ ಬಳಿಯಲ್ಲಿ. ಸಂಗೀತ ಮನೆಯನ್ನು ಕೂಡಿಸುವುದಷ್ಟೇ ಅಲ್ಲ, ಒಮ್ಮೊಮ್ಮೆ ಮನೆಯಿಂದ ಎಳೆದುಕೊಂಡು ಹೋಗುವುದೂ ಉಂಟು. ಹಗುರವಾದ ಚಿತ್ರಗಳು ಮೊದಲನೆಯದನ್ನು ಹಾಡಿ ಹೊಗಳಿ, ಎರಡನೆಯದನ್ನು ಬೇಗ ಮರೆತುಬಿಡುತ್ತವೆ.

ಹಾಗಾದರೆ ಒಂದು ಮನೆಯವರು ಒಟ್ಟಿಗೆ ಹಾಡುವುದೆಂದರೆ ನಿಜವಾಗಿ ನಡೆಯುವುದೇನು? ಮೊದಲು ಶ್ರುತಿಯ ಮಾತು. ತಂಬೂರಿಗೆ ನಾಲ್ಕು ತಂತಿ: ಒಂದು ಪಂಚಮ, ನಡುವಿನ ಎರಡು ಷಡ್ಜ, ಕೊನೆಯದು ಮಂದ್ರ ಷಡ್ಜ. ಆ ನಾಲ್ಕು ಮೀಟುಗಳ ಮೇಲೆ ಹಾಡೆಲ್ಲ ನಿಂತಿರುತ್ತದೆ. ಯಾವ ಎತ್ತರದಲ್ಲಿ ಷಡ್ಜವನ್ನು ಇಟ್ಟುಕೊಳ್ಳಬೇಕು ಎಂಬುದು ಕಂಠವನ್ನು ನೋಡಿ ಆಗಬೇಕಾದ ನಿರ್ಧಾರ. ನಮ್ಮವರು ಈ ಎತ್ತರಕ್ಕೆ ಇಟ್ಟಿರುವ ಹೆಸರು ಸೊಗಸಾಗಿದೆ: ‘ಮನೆ’. ಗಂಡಸರ ಕಂಠ ಸಾಮಾನ್ಯವಾಗಿ ಒಂದು ಮನೆಯ ಆಸುಪಾಸಿನಲ್ಲಿ ಹಾಯಾಗಿರುತ್ತದೆ, ಹೆಂಗಸರದು ಐದು ಮನೆಯ ಆಸುಪಾಸಿನಲ್ಲಿ. ತಂದೆ ಮತ್ತು ಮಗಳು ಒಂದೇ ಸೂರಿನ ಕೆಳಗೆ ಬಾಳಿದರೂ ಸಂಗೀತದಲ್ಲಿ ಅವರ ಮನೆಗಳು ಬೇರೆ ಬೇರೆ! ಒಟ್ಟಿಗೆ ಹಾಡಬೇಕಾದರೆ ಒಬ್ಬರು ಸ್ವಲ್ಪ ಏರಬೇಕು, ಇನ್ನೊಬ್ಬರು ಸ್ವಲ್ಪ ಇಳಿಯಬೇಕು. ಇಬ್ಬರಿಗೂ ಪೂರಾ ಹಾಯೆನಿಸದ, ಆದರೆ ಇಬ್ಬರಿಗೂ ಸಲ್ಲುವ ಒಂದು ಮನೆಯನ್ನು ಕಂಡುಕೊಳ್ಳಬೇಕು. ನಮ್ಮ ಕಚೇರಿಗಳಲ್ಲಿ ಜೋಡಿಯಾಗಿ ಹಾಡುವವರು ಹೆಚ್ಚಾಗಿ ಸಹೋದರರು, ಇಲ್ಲವೆ ಸಹೋದರಿಯರು ಆಗಿರುವುದಕ್ಕೆ ಇದೊಂದು ಮುಖ್ಯ ಕಾರಣ. ಅವರ ಕಂಠಗಳಿಗೆ ಒಂದೇ ಮನೆ ಒಗ್ಗುತ್ತದೆ.

ಶ್ರುತಿ ಕೂಡಿತೆಂದರೆ ಕೆಲಸ ಮುಗಿಯಲಿಲ್ಲ, ಶುರುವಾಯಿತು. ರಾಗವನ್ನು ಆಲಾಪಿಸುವಾಗ ಒಬ್ಬರು ಮಂದ್ರ, ಮಧ್ಯ ಸ್ಥಾಯಿಗಳನ್ನು ತೆರೆದಿಟ್ಟು, ತಾರಸ್ಥಾಯಿಯ ಸಂಭ್ರಮವನ್ನು ಇನ್ನೊಬ್ಬರಿಗೆ ಬಿಟ್ಟುಕೊಡಬೇಕು. ಸ್ವರ ಹಾಕುವಾಗ ಒಬ್ಬರು ಸಾಹಿತ್ಯದ ಎಡುಪಿಗೆ ಬಂದು ಸೇರಿದೊಡನೆ ಇನ್ನೊಬ್ಬರು ಅಲ್ಲಿಂದಲೇ ಎತ್ತಿಕೊಳ್ಳಬೇಕು. ಜೊತೆಗಾರನಿಗೆ ಚಪ್ಪಾಳೆ ಬಿದ್ದಾಗ ಅದಕ್ಕಿಂತ ಹೆಚ್ಚಿನದನ್ನು ಹಾಡಿ ತೋರಿಸಬೇಕೆಂಬ ಚಪಲವನ್ನು ನುಂಗಿಕೊಳ್ಳಬೇಕು. ಅವನ ಉಸಿರು ಎಲ್ಲಿ ಮುಗಿಯುತ್ತದೆಂದು ಕಿವಿಯಿಂದಲೇ ಬಲ್ಲವರಾಗಿರಬೇಕು. ಇದೆಲ್ಲವನ್ನೂ ಬರೆದು ಕಲಿಸಲಾಗದು. ಒಂದೇ ಮನೆಯಲ್ಲಿ ಬೆಳಗಿನ ಅಭ್ಯಾಸಕ್ಕೆ ಒಟ್ಟಿಗೆ ಕುಳಿತು ಕುಳಿತು ಬರಬೇಕು. ರಕ್ತಸಂಬಂಧವೇ ಆಗಬೇಕೆಂದೇನೂ ಇಲ್ಲ. ತಮಿಳುನಾಡಿನ ಆಲತ್ತೂರು ಸಹೋದರರೆಂದು ಪ್ರಖ್ಯಾತರಾದ ಇಬ್ಬರು ಒಡಹುಟ್ಟಿದವರೇ ಅಲ್ಲ. ಒಬ್ಬರು ಗುರುವಿನ ಮಗ, ಇನ್ನೊಬ್ಬರು ಅದೇ ಗುರುವಿನ ಶಿಷ್ಯ. ಒಂದು ಮನೆಯಲ್ಲಿ ಕಲಿತು ಹಾಡಿದ್ದೇ ಅವರನ್ನು ಸಹೋದರರನ್ನಾಗಿ ಮಾಡಿತು.

ಇದು ಕಚೇರಿ ಸಂಗೀತದವರ ಸ್ವತ್ತು ಮಾತ್ರವೆಂದು ತಿಳಿಯಬೇಡಿ. ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆಯ ಹಳ್ಳಿಗಳಲ್ಲಿ ಹುಟ್ಟಿ ಬೆಳೆದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ರಾಗಿಕಲ್ಲಿನ ವಿಷಯ ಕೇಳಿ ನೋಡಿ. ಅತ್ತೆ ಒಂದು ಕಡೆ, ಸೊಸೆ ಒಂದು ಕಡೆ. ಇಬ್ಬರ ಕೈಯೂ ಒಂದೇ ಗೂಟದ ಮೇಲೆ. ಹಗಲಿನಲ್ಲಿ ಅವರ ನಡುವೆ ಏನೇ ಇರಲಿ, ಬೆಳಗಿನ ಜಾವದಲ್ಲಿ ಕಲ್ಲು ಒಂದೇ ಲಯದಲ್ಲಿ ತಿರುಗಬೇಕು. ಒಬ್ಬರು ಪದ ಎತ್ತಿಕೊಳ್ಳುತ್ತಾರೆ. ಉಸಿರು ಸಾಲದೆ ಬಂದಲ್ಲಿ ಇನ್ನೊಬ್ಬರು ಸೊಲ್ಲು ಹಿಡಿಯುತ್ತಾರೆ. ಹಾಡು ನಿಂತರೆ ಕಲ್ಲು ಭಾರವಾಗುತ್ತದೆ. ಮದುವೆ ಮನೆಯ ಸೋಬಾನೆಯಲ್ಲಿಯೂ ಊರಿನ ಭಜನೆಯಲ್ಲಿಯೂ ಇದೇ ಕ್ರಮ: ಮುಂದೆ ಹೇಳುವವರು ಒಬ್ಬರು, ಹಿಂದೆ ಹೇಳುವವರು ಹಲವರು. ಶಾಸ್ತ್ರೀಯ ಜೋಡಿಗಾಯನದ ‘ಬಿಟ್ಟುಕೊಡುವ’ ಧರ್ಮವೇ ಇಲ್ಲಿಯೂ ನಡೆದಿದೆ, ಅಷ್ಟೆ.

ಇನ್ನು ಈ ಮಾತಿಗೆಲ್ಲ ಜೀವಂತ ಸಾಕ್ಷಿಯಂತಿರುವ ಒಂದು ಊರಿಗೆ ಹೋಗೋಣ. ಅರಕಲಗೂಡು ತಾಲ್ಲೂಕಿನಲ್ಲಿ, ರಾಮನಾಥಪುರಕ್ಕೆ ಸಮೀಪದಲ್ಲಿ, ಕಾವೇರಿಯ ದಡದ ಮೇಲಿರುವ ರುದ್ರಪಟ್ಟಣವೇ ಆ ಊರು. ಸಂಕೇತಿಗಳ ನೆಲೆ ಅದು. ಅವರ ಮನೆಮಾತು ತಮಿಳು, ಮಲಯಾಳ, ಕನ್ನಡಗಳ ಎಳೆಗಳು ಹೆಣೆದುಕೊಂಡ ಒಂದು ವಿಶಿಷ್ಟ ನುಡಿ. ವೇದ, ಕೃಷಿ, ಸಂಗೀತ ಮೂರನ್ನೂ ಒಟ್ಟಿಗೆ ನಡೆಸಿಕೊಂಡು ಬಂದ ಈ ಪುಟ್ಟ ಗ್ರಾಮದಿಂದ ಹೊರಬಂದ ಗಾಯಕರು, ಪಿಟೀಲು ವಾದಕರು ಒಬ್ಬಿಬ್ಬರಲ್ಲ.

ಆರ್. ಕೆ. ಶ್ರೀಕಂಠನ್ ಅವರ ಮನೆಯನ್ನೇ ನೋಡಿ. ೧೯೨೦ರ ಸಂಕ್ರಾಂತಿಯ ದಿನಗಳಲ್ಲಿ, ಜನವರಿ ೧೪ರಂದು, ಅವರು ರುದ್ರಪಟ್ಟಣದಲ್ಲಿ ಜನಿಸಿದರು. ತಂದೆ ಕೃಷ್ಣಶಾಸ್ತ್ರಿಗಳು ಸಂಸ್ಕೃತ, ಕನ್ನಡಗಳನ್ನು ಬಲ್ಲ ವಿದ್ವಾಂಸರು, ಸಂಗೀತ ಬಲ್ಲವರು. ಮೊದಲ ಪಾಠ ಅವರಿಂದ. ಮುಂದಿನ ಪಾಠ ಅಣ್ಣನಿಂದ: ಪಿಟೀಲು ವಿದ್ವಾನ್ ಆರ್. ಕೆ. ವೆಂಕಟರಾಮಶಾಸ್ತ್ರಿಗಳಿಂದ. ಅಣ್ಣನೇ ಗುರುವಾದಾಗ ಮನೆಯಲ್ಲಿ ಎಂಥ ಶಿಸ್ತು ಇರುತ್ತದೆಂಬುದನ್ನು ಅನುಭವವಿದ್ದವರು ಬಲ್ಲರು. ಪಾಠದ ಹೊತ್ತಿನಲ್ಲಿ ಸಲಿಗೆಯಿಲ್ಲ, ಪಾಠ ಮುಗಿದ ಮೇಲೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಬೇಕು. ಶ್ರೀಕಂಠನ್ ಅವರು ಮೂರು ದಶಕಗಳಿಗೂ ಹೆಚ್ಚು ಕಾಲ ಆಕಾಶವಾಣಿಯಲ್ಲಿ ಸೇವೆ ಸಲ್ಲಿಸಿದರು. ರೇಡಿಯೋ ಮೂಲಕ ಸಂಗೀತ ಪಾಠ ಹೇಳಿ, ಗುರುವಿನ ಮನೆಗೆ ಹೋಗಲಾಗದ ಎಷ್ಟೋ ಜನರ ಮನೆಗೆ ತಾವೇ ಗುರುವಾಗಿ ಬಂದರು. ೧೯೯೫ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ, ೨೦೧೧ರಲ್ಲಿ ಪದ್ಮಭೂಷಣ ಅವರಿಗೆ ಸಂದವು. ತೊಂಬತ್ತು ದಾಟಿದ ಮೇಲೆಯೂ ಅವರು ಕಚೇರಿ ಮಾಡಿದರು. ಮಗ ರಮಾಕಾಂತರೊಡನೆ ಒಂದೇ ವೇದಿಕೆಯಲ್ಲಿ ಹಾಡಿದರು. ೨೦೧೪ರ ಫೆಬ್ರವರಿಯಲ್ಲಿ ತೀರಿಕೊಂಡಾಗ ಅವರಿಗೆ ೯೪ ವರ್ಷ. ತಂದೆಯಿಂದ ಮಗನಿಗೆ, ಅಣ್ಣನಿಂದ ತಮ್ಮನಿಗೆ, ಮತ್ತೆ ತಂದೆಯಿಂದ ಮಗನಿಗೆ: ಚಿತ್ರವಾದರೆ ಇದಿಷ್ಟನ್ನೂ ಒಂದು ಹಾಡಿನ ಅವಧಿಯಲ್ಲಿ ತೋರಿಸಿ ಮುಗಿಸುತ್ತಿತ್ತು. ಇಲ್ಲಿ ಅದಕ್ಕೆ ಸುಮಾರು ನೂರು ವರ್ಷ ಹಿಡಿಯಿತು.

ಅದೇ ಊರಿನ ಹೆಸರನ್ನು ಹೊತ್ತ ರುದ್ರಪಟ್ಟಣಂ ಸಹೋದರರು, ಆರ್. ಎನ್. ತ್ಯಾಗರಾಜನ್ ಮತ್ತು ಆರ್. ಎನ್. ತಾರಾನಾಥನ್, ಜೋಡಿಗಾಯನಕ್ಕೇ ಹೆಸರಾದವರು. ಅವರಿಗೂ ತಂದೆ ನಾರಾಯಣಸ್ವಾಮಿಯವರೇ ಮೊದಲ ಗುರು. ಇವರ ಹಾಡನ್ನು ರೇಡಿಯೋದಲ್ಲಿ ಕೇಳುವಾಗ ಒಂದು ಪ್ರಯೋಗ ಮಾಡಿ ನೋಡಿ: ಒಬ್ಬರು ಎಲ್ಲಿ ನಿಲ್ಲಿಸಿದರು, ಇನ್ನೊಬ್ಬರು ಎಲ್ಲಿ ಎತ್ತಿಕೊಂಡರು ಎಂಬುದನ್ನು ಗುರುತಿಸಲು ಯತ್ನಿಸಿ. ನಿಮಗೆ ಗೊತ್ತಾಗದಿದ್ದರೆ ದೋಷ ನಿಮ್ಮ ಕಿವಿಯದಲ್ಲ. ಆ ಹೊಲಿಗೆ ಕಾಣದಂತೆ ಮಾಡುವುದಕ್ಕಾಗಿಯೇ ಜೋಡಿಗಾಯಕರು ವರ್ಷಗಟ್ಟಲೆ ದುಡಿಯುತ್ತಾರೆ.

ಇಷ್ಟು ಹೇಳಿ ನಿಲ್ಲಿಸಿದರೆ ಈ ಲೇಖನವೂ ಒಂದು ಹಗುರವಾದ ಚಿತ್ರವಾಗಿಬಿಡುತ್ತದೆ. ಇಂಥ ಚಿತ್ರಗಳು ಬಿಟ್ಟುಬಿಡುವ ಎರಡು ಸಂಗತಿಗಳನ್ನು ನಾವಾದರೂ ಹೇಳಬೇಕು.

ಮೊದಲನೆಯದು, ಮನೆಯ ಹೆಂಗಸರ ಕಂಠ. ಮೇಲೆ ಎಣಿಸಿದ ಹೆಸರುಗಳಲ್ಲಿ ತಂದೆಯರಿದ್ದಾರೆ, ಅಣ್ಣಂದಿರಿದ್ದಾರೆ, ಮಕ್ಕಳಿದ್ದಾರೆ. ಒಬ್ಬ ತಾಯಿಯ, ಒಬ್ಬ ಅಕ್ಕನ ಹೆಸರಿಲ್ಲ. ಅವರು ಹಾಡಲಿಲ್ಲವೆ? ತೊಟ್ಟಿಲ ಹಾಡು, ಹಸೆಯ ಹಾಡು, ಆರತಿಯ ಹಾಡು, ಗೌರಿ ಹಬ್ಬದ ಹಾಡು ಇವೆಲ್ಲ ಯಾರ ಬಾಯಿಂದ ಬಂದವು? ಮಗು ಮೊದಲು ಕೇಳುವ ಸ್ವರ ತಂದೆಯದಲ್ಲ. ಆದರೆ ಬಹುಕಾಲ ವೇದಿಕೆ ಗಂಡಸರದಾಯಿತು, ಅಡಿಗೆಮನೆ ಹೆಂಗಸರದಾಯಿತು. ಹೆಸರು ವೇದಿಕೆಗೆ ಅಂಟಿಕೊಂಡಿತು. ಮದುವೆಯಾಗಿ ಬೇರೆ ಮನೆ ಸೇರಿದ ಹೆಣ್ಣುಮಗಳ ಹಾಡಿನ ಪುಸ್ತಕ ಟ್ರಂಕಿನ ತಳ ಸೇರಿದ ಕಥೆ ನಿಮ್ಮ ವಂಶದಲ್ಲಿಯೂ ಒಂದಾದರೂ ಇದ್ದೀತು. ಸಂಗೀತದ ಮನೆತನವೆಂದು ಹೆಮ್ಮೆಪಡುವಾಗ ಈ ಬಾಕಿಯನ್ನು ಮರೆಯಬಾರದು.

ಎರಡನೆಯದು, ಮನೆಗಳು ಬರಿದಾಗುವ ಸಂಗತಿ. ವಿದ್ಯೆಗೆಂದು, ಉದ್ಯೋಗಕ್ಕೆಂದು, ಸಂಗೀತಕ್ಕೇ ಎಂದು ರುದ್ರಪಟ್ಟಣದವರು ಮೈಸೂರಿಗೆ, ಬೆಂಗಳೂರಿಗೆ, ಅದರಾಚೆಗೂ ಹೋದರು. ಕಲೆ ಹೋದಲ್ಲೆಲ್ಲ ಬೆಳೆಯಿತು, ಸರಿ. ಆದರೆ ಒಂದು ಬೀದಿಯ ಆ ತುದಿಯ ಮನೆಯ ಅಭ್ಯಾಸ ಈ ತುದಿಯ ಮನೆಗೆ ಕೇಳಿಸುತ್ತಿದ್ದ ಕಾಲ ಹೋಯಿತು. ಊರಿನವರೇ ಆದ ಗಾಯಕ ಆರ್. ಕೆ. ಪದ್ಮನಾಭ ಅವರು ಅಲ್ಲಿ ತಂಬೂರಿಯ ಆಕಾರದಲ್ಲಿಯೇ ಸಪ್ತಸ್ವರ ದೇವತಾ ಧ್ಯಾನಮಂದಿರವನ್ನು ಕಟ್ಟಿಸಿ, ಸಂಗೀತೋತ್ಸವ ನಡೆಸಿ, ಹೋದವರನ್ನು ಮತ್ತೆ ಊರಿಗೆ ಕರೆದರು. ಉತ್ಸವದಿಂದ ಊರು ತುಂಬುತ್ತದೆ. ಉತ್ಸವ ಮುಗಿದ ಮರುದಿನದ ಬೆಳಗನ್ನು ತುಂಬಬೇಕಾದವರು ಮನೆಯವರು.

ಊರ ಮಾತು ಹಾಗಿರಲಿ, ನಮ್ಮ ನಮ್ಮ ಮನೆಗಳ ಮಾತೇನು? ಹಿಂದೆ ಬಡತನದಿಂದ ಊರಿಗೊಂದು ರೇಡಿಯೋ ಇದ್ದಾಗ ಹತ್ತು ಜನ ಸುತ್ತ ಕುಳಿತು ಕೇಳಿದರು. ಈಗ ಅನುಕೂಲದಿಂದ ತಲೆಗೊಂದು ಯಂತ್ರ ಬಂದಿದೆ. ಒಂದೇ ಮನೆಯ ನಾಲ್ವರು ನಾಲ್ಕು ಮೂಲೆಗಳಲ್ಲಿ ಕಿವಿಗೆ ಬಿರಡೆ ಹಾಕಿಕೊಂಡು ನಾಲ್ಕು ಹಾಡು ಕೇಳುತ್ತಾರೆ. ಹಾಡು ಕಡಿಮೆಯಾಗಿಲ್ಲ, ಇನ್ನೊಬ್ಬರ ಹಾಡನ್ನು ಸಹಿಸಿ, ಕೇಳಿ, ಕೊನೆಗೆ ಮೆಚ್ಚಿಕೊಳ್ಳುವ ಅವಕಾಶ ಕಡಿಮೆಯಾಗಿದೆ. ನಿಜವಾಗಿ ಕಳೆದುಹೋಗುತ್ತಿರುವುದು ಇದು.

ಆಕಾಶವಾಣಿ ಎಂಬ ಹೆಸರು ಹುಟ್ಟಿದ್ದೇ ಒಂದು ಮನೆಯಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು. ೧೯೩೫ರ ಸೆಪ್ಟೆಂಬರ್ ೧೦ರಂದು ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಬಾನುಲಿ ಕೇಂದ್ರವನ್ನು ಆರಂಭಿಸಿದ್ದು ತಮ್ಮ ಮನೆಯಲ್ಲೇ. ಒಂದು ಮನೆಯಿಂದ ಹೊರಟ ದನಿ ಸಾವಿರ ಮನೆಗಳ ನಡುಮನೆಯನ್ನು ಸೇರಿತು. ಆ ನಡುಮನೆಯಲ್ಲಿ ನಾಲ್ಕು ಜನ ಒಟ್ಟಿಗೆ ಕುಳಿತಿದ್ದರೆ ಮಾತ್ರ ಅದರ ಪ್ರಯಾಣ ಪೂರ್ತಿಯಾದಂತೆ.

ಆದುದರಿಂದ ವಾಚಕರಲ್ಲಿ ಒಂದು ಸಣ್ಣ ವಿಜ್ಞಾಪನೆ. ನೀವು ಹಾಸನದಲ್ಲಿರಿ, ಹೊಳೆನರಸೀಪುರದಲ್ಲಿರಿ, ಅರಕಲಗೂಡಿನಲ್ಲಿರಿ, ಚನ್ನರಾಯಪಟ್ಟಣದಲ್ಲಿರಿ, ವಾರದಲ್ಲಿ ಒಂದು ಸಂಜೆ ಅರ್ಧ ಗಂಟೆಯನ್ನು ಇದಕ್ಕೆ ತೆಗೆದಿಡಿ. ಸಂಗೀತ ಬರಬೇಕೆಂಬ ನಿಯಮವಿಲ್ಲ. ಮನೆಯ ಅತ್ಯಂತ ಹಿರಿಯ ಹೆಂಗಸಿಗೆ ನೆನಪಿರುವ ಒಂದು ಹಾಡಿನಿಂದ ಆರಂಭಿಸಿ. ಆಕೆಯ ಕಂಠ ಯಾವ ಮನೆಯಲ್ಲಿದೆಯೋ ಆ ಮನೆಗೆ ಉಳಿದವರು ಹೋಗಲಿ. ಇಷ್ಟು ವರ್ಷ ಆಕೆ ನಿಮ್ಮ ಮನೆಗೆ ಹೊಂದಿಕೊಂಡಿದ್ದಾರೆ. ಮೊಮ್ಮಗ ತಾಳ ತಪ್ಪಿದರೆ ತಿದ್ದಬೇಡಿ, ಕಾಯಿರಿ. ಮಾತು ಬಿಟ್ಟ ಇಬ್ಬರು ಆ ಕೋಣೆಯಲ್ಲಿದ್ದರೆ ಅವರ ರಾಜಿ ಆ ಸಂಜೆಯೇ ಆಗಲಿಕ್ಕಿಲ್ಲ. ಹಾಡಿಗೆ ಆ ಶಕ್ತಿಯಿದೆಯೆಂದು ಹೇಳಿದರೆ ಅದು ಚಿತ್ರದ ಮಾತಾದೀತು. ಆದರೆ ಒಬ್ಬರು ಉಸಿರು ತೆಗೆದುಕೊಂಡಾಗ ಇನ್ನೊಬ್ಬರು ಸೊಲ್ಲು ಹಿಡಿದರೆ, ಅಷ್ಟು ಹೊತ್ತಾದರೂ ಅವರಿಬ್ಬರೂ ಒಬ್ಬರನ್ನೊಬ್ಬರು ಕೇಳಿಸಿಕೊಂಡಿರುತ್ತಾರೆ. ಮುಂದಿನ ವಾರಕ್ಕೆ ಅಷ್ಟು ಸಾಕು.